ಕರಾವಳಿಯ ತೋಟಗಳಲ್ಲಿ ಋತುಮಾನ

ಜಪಾನಿನ ಕನಜಾವಾ ನಗರದಲ್ಲಿ ಕೆನ್‌ರೊಕುಎನ್ ಎಂಬ ಪ್ರಸಿದ್ಧ ಉದ್ಯಾನವಿದೆ. ಪ್ರತಿವರ್ಷ ನವೆಂಬರ್ 1ರಿಂದ ಅಲ್ಲಿಯ ತೋಟಗಾರರು ಪೈನ್ ಮರಗಳ ಕೊಂಬೆಗಳನ್ನು ಹಗ್ಗದಿಂದ ಎತ್ತಿ ಕಟ್ಟತೊಡಗುತ್ತಾರೆ. ಬರಲಿರುವ ಹಿಮದ ಭಾರಕ್ಕೆ ಅವು ಮುರಿಯಬಾರದೆಂಬ ಕಾಳಜಿ. ಚೆರಿ ಮರಗಳು ಹೂಬಿಟ್ಟಾಗ ಅವುಗಳಡಿ ಕುಳಿತು ಉಣ್ಣುವ ಆ ಜನರು ಈ ಹಗ್ಗ ಕಟ್ಟುವ ಕೆಲಸವನ್ನೂ ನಿಂತು ನೋಡುತ್ತಾರೆ.

ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಹಿಮವಿಲ್ಲ, ಮಳೆಯಿದೆ. ಘಟ್ಟದ ಬುಡದ ಅಡಿಕೆ ತೋಟಗಳಲ್ಲಿ ಮಳೆ ಬಲಿಯುವ ಮೊದಲೇ ಎಳೆಗಾಯಿಗಳ ಗೊನೆಗಳಿಗೆ ಕೊಟ್ಟೆ ಕಟ್ಟುವ ರೂಢಿಯುಂಟು. ಗೊನೆಗೆ ಈ ಕಡೆ ಕೊನೆಯೆಂಬ ಹೆಸರು. ಮರವೇರಿ ಅದನ್ನು ಇಳಿಸುವವನು ಕೊನೆಗೌಡ. ಮರದಿಂದಿಳಿಯದೆಯೇ ತೂಗಾಡಿ ಪಕ್ಕದ ಮರಕ್ಕೆ ದಾಟುವ ಅವನ ಕೌಶಲ ಜೋಳದ ಹೊಲಗಳ ನಡುವೆ ಬೆಳೆದ ನಮಗೆ ಎದೆ ನಡುಗಿಸುವಂಥದು. ಕೊಟ್ಟೆಯಿಲ್ಲದ, ಬೋರ್ಡೋ ದ್ರಾವಣವೂ ಬೀಳದ ಕೊನೆಗೆ ಕೊಳೆರೋಗ ತಗುಲಿದರೆ ವರುಷದ ಫಸಲು ನೆಲಕ್ಕುದುರುತ್ತದೆ. ಹಿಂದೆ ಅಡಿಕೆ ಹಾಳೆಯಿಂದಲೋ ಹುಲ್ಲಿನಿಂದಲೋ ಮಾಡುತ್ತಿದ್ದ ಕೊಟ್ಟೆ ಈಗ ಪ್ಲಾಸ್ಟಿಕ್ಕಿನದಾಗಿದೆ. ಅದಿರಲಿ, ಕಟ್ಟುವ ಕೈಗಳೇ ವಿರಳವಾಗುತ್ತಿವೆ. ಇದನ್ನು ನೋಡಲು ಯಾವ ಪ್ರವಾಸಿಯೂ ಬರುವುದಿಲ್ಲ.

ಭಟ್ಕಳದ ಮಲ್ಲಿಗೆಯನ್ನು ಅರಿಯದವರಿಲ್ಲ. ಅದರ ಬಣ್ಣನೆ ಇಲ್ಲಿ ಬೇಡ. ಫಾಲ್ಗುಣದಲ್ಲಿ ಹಾಲಕ್ಕಿ ಒಕ್ಕಲಿಗರು ಬೆಂಡಿನ ಹೂಗಳ ತುರಾಯಿ ತೊಟ್ಟು ಗುಮಟೆಯ ನಾದಕ್ಕೆ ಸುಗ್ಗಿ ಕುಣಿಯುತ್ತಾರೆ. ಬೆಳೆ ಮನೆಗೆ ಬಂದ ಸಂತೋಷವೇ ಆ ಕುಣಿತದ ಮೂಲ. ಗದ್ದೆ ಪಾಳುಬಿದ್ದ ಊರಿನಲ್ಲಿ ಕುಣಿತವು ವೇದಿಕೆಯ ಪ್ರದರ್ಶನವಾಗಿ ಉಳಿದೀತು, ಸುಗ್ಗಿಯಾಗಿ ಉಳಿಯದು.

ಈ ಮಾತಿಗೆ ಸಾಕ್ಷಿ ಬೇಕಾದವರು ಕುಮಟಾ ತಾಲೂಕಿನ ಮಾಣಿಕಟ್ಟಾ ಕಡೆಗೆ ಹೋಗಬೇಕು. ಅಘನಾಶಿನಿಯ ಅಳಿವೆಯಂಚಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಮಳೆ ನೀರನ್ನು ಸಿಹಿಗೊಳಿಸಿದಾಗ ಬಿತ್ತನೆ, ಮಳೆ ಹಿಂದೆ ಸರಿದ ಮೇಲೆ ಕೊಯ್ಲು. ಅನಂತರ ಸಮುದ್ರದ ನೀರನ್ನು ಒಳಬಿಟ್ಟು ಮೀನು, ಸಿಗಡಿ ಹಿಡಿಯುವುದು. ಒಂದೇ ನೆಲ, ಎರಡು ಋತು, ಎರಡು ಅನ್ನ. ಸಿಗಡಿ ಸಾಕಣೆಯ ಲಾಭದೆದುರು ಅನೇಕ ಗದ್ದೆಗಳು ಭತ್ತವನ್ನು ಮರೆತವು. ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆತಿದೆ. ಆದರೆ ಕಟ್ಟೆ ಕಾಯ್ದು, ಬೀಜ ಉಳಿಸಿ ಬಿತ್ತುವವರು ರೈತರೇ ತಾನೆ?

ಮುರ್ಡೇಶ್ವರ, ಇಡಗುಂಜಿ, ಗೋಕರ್ಣಗಳಿಗೆ ಬೇಸಿಗೆ ರಜೆಯಲ್ಲಷ್ಟೇ ಧಾವಿಸುವ ಕುಟುಂಬಗಳು ಒಮ್ಮೆ ಕಗ್ಗದ ಕೊಯ್ಲಿನ ಕಾಲಕ್ಕೆ, ದಸರೆಯ ಬಿಡುವಿನ ಆಸುಪಾಸಿನಲ್ಲಿ, ಹೋಗಿಬರಲಿ. ಮಕ್ಕಳೂ ಜೊತೆಗಿರಲಿ.