ವಿಳಾಸ ಏನಂತ ಬರೀಲಿ?

ನಾವು ಕಾಫಿ ತೋಟದ ಲೈನಿನಲ್ಲಿ ಹುಟ್ಟಿದವರು. ನಮ್ಮ ಅಜ್ಜಂದಿರು ಬಯಲುಸೀಮೆಯ ಹೊಲಗೇರಿ ಬಿಟ್ಟು ಘಟ್ಟ ಹತ್ತಿದವರು. ಕೇರಿ ಹೋಯ್ತು, ಲೈನು ಬಂತು. ಅದೂ ನಮ್ಮದಲ್ಲ. ಮೈಯಲ್ಲಿ ಕಸುವಿರುವ ತನಕ ಸೂರು. ಕೆಲಸ ಹೋದ ದಿನ ರೈಟರು ಬಂದು ಮನೆ ಖಾಲಿ ಮಾಡಿ ಅಂತಾರೆ. ತೋಟದ ಕಾರ್ಮಿಕರಿಗೆ ಮನೆ ಕೊಡಬೇಕೆಂದು 1951ರ ಕಾಯ್ದೆ ಹೇಳಿತು. ಕಾರ್ಮಿಕ ಸತ್ತ ಮೇಲೆ ಅವನ ಮಕ್ಕಳು ಎಲ್ಲಿ ಮಲಗಬೇಕೆಂದು ನಮಗೆ ಯಾರೂ ಹೇಳಲಿಲ್ಲ. 2005ರ ಕೊನೆಗೆ ಪಕ್ಕದ ಕುದುರೆಮುಖದಲ್ಲಿ ಗಣಿ ನಿಂತಾಗಲೂ ಕಂಡದ್ದು ಇದನ್ನೇ. ಕೆಲಸ ನಿಂತಿತು, ಮನೆಗಳು ಖಾಲಿಯಾದವು.

ಹಾಗೆ ಬೀದಿಗೆ ಬಿದ್ದ ಒಬ್ಬ ಹುಡುಗನ ಮಾತು ಇದು. ಕೆಲವು ವರ್ಷಗಳ ಹಿಂದಿನದು. ಅವನಿಗೆ 16 ವರ್ಷ. ಅಪ್ಪ ಮೊದಲೇ ಇರಲಿಲ್ಲ, ಅವ್ವ ಕೆಮ್ಮಿ ಕೆಮ್ಮಿ ಸತ್ತಳು. ಹಗಲು ಕಳಸದಲ್ಲಿ ಲಾರಿಗೆ ಮೂಟೆ ಹೊರುತ್ತಿದ್ದ, ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದ. ಆಷಾಢದ ಮಳೆ ಹಿಡಿದರೆ ಅಲ್ಲಿಯೂ ಒಣ ಜಾಗವಿಲ್ಲ. ಆಗ ಯಾವನೋ ಒಬ್ಬ ಊಟ ಕೊಡುತ್ತಾನೆ, ಕಂಬಳಿ ಕೊಡುತ್ತಾನೆ, ಲಾರಿಯೊಳಗೆ ಮಲಗು ಅನ್ನುತ್ತಾನೆ. ಅದರ ಬೆಲೆ ಏನೆಂದು ಕತ್ತಲಾದ ಮೇಲೆ ಹೇಳುತ್ತಾನೆ. ಹೆಣ್ಣುಮಕ್ಕಳಿಗಷ್ಟೇ ಹೀಗಾಗುತ್ತದೆಂದು ನಾವೂ ತಿಳಿದಿದ್ದೆವು.

"ಬ್ಯಾಡ ಅನ್ಬೋದಿತ್ತಲ್ಲೋ" ಅಂದೆವು.

"ಬ್ಯಾಡ ಅಂದ್ರೆ ಎಲ್ಲಿ ಮಲಗ್ಲಿ ಅಣ್ಣಾ?" ಅಂದ.

ನಮ್ಮ ಬಾಯಿ ಕಟ್ಟಿಹೋಯಿತು. ಕಾಂಡೋಮ್ ಬಳಸಿ ಎಂದು ಗೋಡೆಯ ಮೇಲೆ ಬರೆಯುವುದು ಸುಲಭ. ಬೇಡ ಅನ್ನುವ ಹಕ್ಕೇ ಇಲ್ಲದವನು ಅದನ್ನು ಯಾರಿಗೆ ಹೇಳಬೇಕು?

ಜ್ವರ ಬಿಡದಿದ್ದಾಗ ಅವನನ್ನು ಆಸ್ಪತ್ರೆಗೆ ಕರೆದೊಯ್ದೆವು. ಚೀಟಿ ಬರೆಯುವವರು ವಿಳಾಸ ಕೇಳಿದರು. ಅವನು ನಮ್ಮ ಮುಖ ನೋಡಿದ. ಎಚ್‌ಐವಿ ಪರೀಕ್ಷೆಗೆ 18 ತುಂಬದವರಾದರೆ ತಂದೆತಾಯಿ ಇಲ್ಲವೇ ಪಾಲಕರ ಒಪ್ಪಿಗೆ ಬೇಕು. "ಮನೆಯೋರನ್ನ ಕರ್ಕೊಂಡ್ ಬಾ" ಅಂದರು. ಮಾರನೇ ದಿನ ಅವನು ಕಳಸದಲ್ಲಿ ಇರಲಿಲ್ಲ. ಯಾವ ಲಾರಿ ಹತ್ತಿದನೋ. ಸೋಂಕು ಇತ್ತೋ ಇಲ್ಲವೋ, ಅವನಿಗೂ ಗೊತ್ತಾಗಲಿಲ್ಲ, ನಮಗೂ ಗೊತ್ತಾಗಲಿಲ್ಲ.

ಗೆಳೆಯರೇ, ಮದ್ದಿಲ್ಲ ಅಂತಲ್ಲ. 1986ರಲ್ಲಿ ಮದ್ರಾಸಿನಲ್ಲಿ ಈ ಸೋಂಕು ದೇಶದಲ್ಲೇ ಮೊದಲು ಪತ್ತೆಯಾದಾಗ ಮದ್ದಿರಲಿಲ್ಲ. 2004ರ ಏಪ್ರಿಲ್‌ನಿಂದ ಸರ್ಕಾರ ಎ.ಆರ್.ಟಿ. ಮಾತ್ರೆಯನ್ನು ಪುಕ್ಕಟೆ ಕೊಡುತ್ತಿದೆ. ದಿನಾ ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕುಗ್ಗಿದರೆ ಆಯುಸ್ಸೂ ಉಂಟು, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಬಲಾತ್ಕಾರವಾದವರು 72 ಗಂಟೆಯೊಳಗೆ ಆಸ್ಪತ್ರೆ ಮುಟ್ಟಿದರೆ ಸೋಂಕು ತಡೆಯಲು 28 ದಿನಗಳ ಮಾತ್ರೆ ಇದೆ. ಆದರೆ ದಿನಾ ನುಂಗುವ ಮಾತ್ರೆ ಇಡಲು ನೆನೆಯದ ಒಂದು ಮೂಲೆ ಬೇಡವೇ? ಎಚ್‌ಐವಿ ಇದೆಯೆಂದು ಯಾರನ್ನೂ ಮನೆಯಿಂದ ಹೊರಹಾಕಬಾರದು ಅನ್ನುತ್ತದೆ 2017ರ ಕಾಯ್ದೆ. ಮನೆಯೇ ಇಲ್ಲದವನು ಯಾವ ಬಾಗಿಲು ತಟ್ಟಿ ಆ ಕಾಯ್ದೆ ತೋರಿಸಬೇಕು?

ತಪ್ಪು ನಮ್ಮದೂ ಇದೆ. ಪಾಲಕರಿಲ್ಲದ ಮಕ್ಕಳ ರಕ್ಷಣೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಹೊಣೆ. 1098ಕ್ಕೆ ಒಂದು ಫೋನು ಮಾಡಬಹುದಿತ್ತು. ಅವನ ಮೈ ಬಳಸಿಕೊಂಡವರ ಮೇಲೆ 2012ರ ಪೋಕ್ಸೊ ಕಾಯ್ದೆಯಲ್ಲಿ ದೂರು ಕೊಡಬಹುದಿತ್ತು. ನಾವು ಭಾಷಣ ಕಲಿತಿದ್ದೆವು, ಇದನ್ನು ಕಲಿತಿರಲಿಲ್ಲ.

ಮೇಷ್ಟ್ರುಗಳೇ, ಶಾಲೆ ಬಿಟ್ಟ ಹುಡುಗನ ಹೆಸರು ಹಾಜರಿ ಪುಸ್ತಕದಿಂದ ಹೊಡೆಯುವ ಮುಂಚೆ ಅವನ ಲೈನಿನ ತನಕ ಒಮ್ಮೆ ನಡೆದು ಬನ್ನಿ. ಸಂಘದ ಗೆಳೆಯರೇ, ಲೈನಿನವರಿಗೆ ಸ್ವಂತ ಹೆಸರಿನ ನಿವೇಶನ ಕೇಳೋಣ. ಅದು ಸಿಗುವ ತನಕ, ಆಸ್ಪತ್ರೆಯ ಚೀಟಿಗೆ ಯಾವ ಹುಡುಗನಾದರೂ ವಿಳಾಸ ಏನಂತ ಬರೀಲಿ ಅಂದರೆ, ನಮ್ಮ ಸಂಘದ ಕೋಣೆಯದನ್ನೇ ಬರೆಸುತ್ತೇವೆ.