ಸಿಟ್ಟಿನ ಸಕ್ಕರೆ

ಮೂಡಲಗಿಯ ಸೀಮೆಯವರಿಗೆ ಸಿಹಿಯ ಮಾತು ಹೊಸತಲ್ಲ. ಹೊಲದಲ್ಲಿ ಕಬ್ಬು, ಗೋಕಾಕದ ಅಂಗಡಿಗಳಲ್ಲಿ ಕರದಂಟು, ಹಿರಿಯರ ಕಿಸೆಯಲ್ಲಿ ಮಧುಮೇಹದ ಗುಳಿಗೆ! ಆದರೆ ಬಾಯಿಯ ದಾರಿಯಿಂದಲ್ಲದೆ ಮನಸ್ಸಿನ ದಾರಿಯಿಂದಲೂ ರಕ್ತದಲ್ಲಿ ಸಕ್ಕರೆ ಏರೀತೆಂಬುದನ್ನು ನಾನು ಅರಿತದ್ದು ನಮ್ಮ ಕಾಕಾನಿಂದ.

2025ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೇಡಿ ಧರಣಿ ಕುಳಿತದ್ದನ್ನು ವಾಚಕರು ಬಲ್ಲರು. ಕಾಕಾನೂ ಅಲ್ಲಿದ್ದ. ಬರಿಹೊಟ್ಟೆಯಲ್ಲಿ 140ರ ಆಸುಪಾಸಿನಲ್ಲಿರುತ್ತಿದ್ದ ಅವನ ಸಕ್ಕರೆ ಒಂದು ಮುಂಜಾನೆ 262ಕ್ಕೆ ಏರಿತ್ತು. ತಪಾಸಣೆ ಮಾಡಿದವರು ಗದರಿದರು: "ಏನೋ ಸಿಹಿ ತಿಂದೀರಿ, ಖರೇ ಹೇಳ್ರಿ."

"ರೊಟ್ಟಿ ಪಲ್ಯ ತಿಂದೀನ್ರಿ. ಸಿಹಿ ಅಲ್ಲ, ಸಿಟ್ಟು ತಿಂದೀನಿ" ಎಂದ ಕಾಕಾ.

ಯಾರೂ ನಂಬಲಿಲ್ಲ. ಅಂದಿನಿಂದ ಅವನು ತಪಾಸಣೆಯನ್ನೇ ಬಿಟ್ಟ. ಸುಳ್ಳನೆನಿಸಿಕೊಳ್ಳುವುದಕ್ಕಿಂತ ಕಣ್ಣು ಹೋದರೂ ಚಿಂತೆಯಿಲ್ಲವೆಂಬ ಹಟ. ನನಗೆ ನಿಜವಾದ ಭಯ ಹುಟ್ಟಿದ್ದು ಆಗ.

ಪುಸ್ತಕಗಳನ್ನು ತಿರುವಿದಾಗ ಕಾಕಾನ ಪಕ್ಷಕ್ಕೆ ದೊಡ್ಡ ಸಾಕ್ಷಿಗಳೇ ದೊರೆತವು. ದೀರ್ಘಕಾಲದ ದುಃಖಕ್ಕೂ ಈ ರೋಗಕ್ಕೂ ಸಂಬಂಧವುಂಟೆಂದು 17ನೆಯ ಶತಮಾನದಲ್ಲೇ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಬರೆದಿದ್ದ. ಅಮೇರಿಕದ ವಾಲ್ಟರ್ ಕ್ಯಾನನ್ ಮತ್ತು ಸಂಗಡಿಗರು 1911ರಲ್ಲಿ, ನಾಯಿಗೆ ಹೆದರಿದ ಬೆಕ್ಕುಗಳ ಮೂತ್ರದಲ್ಲಿ ಸಕ್ಕರೆ ಕಂಡರು. ಮುಂದೆ ಹಾರ್ವರ್ಡಿನ 25 ಜನ ಫುಟ್ಬಾಲ್ ಆಟಗಾರರನ್ನು ಪರೀಕ್ಷಿಸಲಾಗಿ 12 ಜನರಲ್ಲಿ ಸಕ್ಕರೆಯಿತ್ತು. ಅವರಲ್ಲಿ 5 ಜನ ಆಟಕ್ಕೆ ಇಳಿದೇ ಇರಲಿಲ್ಲ, ಬದಿಯಲ್ಲಿ ಕುಳಿತು ಕಾತರಿಸಿದವರು!

ಸಿಟ್ಟು ಭಯಗಳು ಬಂದಾಗ ದೇಹವು ಹೋರಾಟಕ್ಕೆ ಅಣಿಯಾಗುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳ ಪ್ರೇರಣೆಯಿಂದ ಯಕೃತ್ತು ರಕ್ತಕ್ಕೆ ಸಕ್ಕರೆಯನ್ನು ಸುರಿಯುತ್ತದೆ. ನಿರೋಗಿಯಲ್ಲಿ ಇನ್ಸುಲಿನ್ ಅದನ್ನು ಬೇಗನೆ ಸರಿದೂಗಿಸುತ್ತದೆ. ಮಧುಮೇಹಿಯ ಮನೆಯಲ್ಲಿ ಹಗೇವು ತೆರೆಯುವವರುಂಟು, ಮುಚ್ಚುವವರಿಲ್ಲ.

ಹಾಗೆಂದು ಎಲ್ಲವನ್ನೂ ಸಿಟ್ಟಿನ ತಲೆಗೆ ಕಟ್ಟಲಾಗದು. ಧರಣಿಯಲ್ಲಿ ನಿದ್ದೆಗೆಟ್ಟದ್ದೂ, ಗುಳಿಗೆಯ ಹೊತ್ತು ತಪ್ಪಿದ್ದೂ ಪಾಲುಗಾರರೇ. ಇದನ್ನೆಲ್ಲ ಓದಿ ಹೇಳಿದಾಗ ಕಾಕಾ ಮತ್ತೆ ತಪಾಸಣೆಗೆ ಒಪ್ಪಿದ. ಒಂದು ವಹಿಯಲ್ಲಿ ಅಂಕಿಯ ಪಕ್ಕಕ್ಕೆ ಊಟವನ್ನೂ, ಆ ದಿನದ ಜಗಳವನ್ನೂ ಬರೆಯತೊಡಗಿದ. ನವೆಂಬರ್ 7ರಂದು ಸರಕಾರ 3,300 ರೂಪಾಯಿ ಬೆಲೆ ಗೊತ್ತುಪಡಿಸಿತಷ್ಟೆ. ಮರುದಿನ ವಹಿಯಲ್ಲಿ "ಜಗಳ ಇಲ್ಲ, ಪೇಢೆ ಎರಡು" ಎಂದಿದೆ. ಅಂಕಿ ಮಾತ್ರ ಇಳಿದಿಲ್ಲ!

ಇನ್ನೊಂದು ವಿಚಿತ್ರವನ್ನು ಕಲಿಸಿದವಳು ಕಾಕು. ಗುಳಿಗೆ ನುಂಗಿ ಊಟ ತಡವಾದರೆ ಸಕ್ಕರೆ 70ಕ್ಕಿಂತ ಕೆಳಗಿಳಿಯುವುದುಂಟು. ಆಗ ಕೈ ನಡುಗುತ್ತದೆ, ಬೆವರೊಡೆಯುತ್ತದೆ, ಮನುಷ್ಯ ಕಾರಣವಿಲ್ಲದೆ ಸಿಡುಕುತ್ತಾನೆ. ಅಂದರೆ ಸಿಟ್ಟಿನಿಂದ ಸಕ್ಕರೆ ಏರುವಂತೆ, ಸಕ್ಕರೆ ಇಳಿದೂ ಸಿಟ್ಟು ಬರುತ್ತದೆ. ಮಧ್ಯಾಹ್ನ ಕಾಕಾ ಬೆವರುತ್ತ ಕೂಗಾಡಿದರೆ ಕಾಕು ಎದುರು ಮಾತಾಡುವುದಿಲ್ಲ. ಮೂರು ಚಮಚ ಸಕ್ಕರೆ ಕದಡಿದ ನೀರಿನ ವಾಟಗಾ ಮುಂದಿಟ್ಟು, "ಮೊದಲ ಇದನ್ನ ಕುಡೀರಿ, ಆಮ್ಯಾಲ ಬೈರಿ" ಎನ್ನುತ್ತಾಳೆ.