ಕಳವಳದ ಕುರುಹುಗಳು

ಮಲೆನಾಡಿನಲ್ಲಿ ಹುಟ್ಟಿದವರು ಮಳೆಗೆ ಹೆದರುವುದುಂಟೇ ಎಂದು ಬಯಲುಸೀಮೆಯ ಗೆಳತಿಯರು ನಮ್ಮನ್ನು ನಗುತ್ತ ಕೇಳುವರು. 2019ನೆಯ ಇಸವಿಗೆ ಮುಂಚೆ ನಾವೂ ಇಲ್ಲವೆಂದೇ ಹೇಳುತ್ತಿದ್ದೆವು. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜರಿದು, ಮಲೆಮನೆ ಮೊದಲಾದ ಊರುಗಳಲ್ಲಿ ಮನೆಗಳೂ ಕಾಫಿತೋಟಗಳೂ ಮಣ್ಣುಪಾಲಾದುವು. ಚಾರ್ಮಾಡಿ ಘಾಟಿಯ ದಾರಿಯೂ ಕುಸಿಯಿತು.

ನಮ್ಮ ಚಿಕ್ಕಮ್ಮನವರ ಮನೆಗೆ ಏನೂ ಆಗಲಿಲ್ಲ. ಆದರೂ ಮರುವರ್ಷದಿಂದ, ಹೆಂಚಿನ ಮೇಲೆ ಮಳೆಯ ಸದ್ದಾದೊಡನೆ ಅವರ ಎದೆ ಡವಡವನೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಬಾಯಿ ಒಣಗುವುದು, ಹೊಟ್ಟೆ ತೊಳಸುವುದು ಮೊದಲಾಯಿತು. ಪಿತ್ತವೆಂದು ಜೀರಿಗೆಯ ಕಷಾಯ ಕುಡಿದರು. ಭಯವುಂಟಾದಾಗ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಟ್ಟು, ದೇಹವನ್ನು ಹೋರಾಟಕ್ಕೋ ಓಟಕ್ಕೋ ಅಣಿಮಾಡುವುವೆಂದು ವಾಲ್ಟರ್ ಕ್ಯಾನನ್ ಎಂಬ ಅಮೆರಿಕದ ಪಂಡಿತರು 1915ರಷ್ಟು ಹಿಂದೆಯೇ ಬರೆದಿರುವರು. ತೋಟದಲ್ಲಿ ಆನೆ ಎದುರಾದರೆ ಇದು ಮಹದುಪಕಾರವೇ ಸರಿ. ಮಳೆಯಿಂದ ಓಡಿಹೋಗುವುದೆಲ್ಲಿಗೆ?

ಮನಸ್ಸಿನ ಕುರುಹುಗಳು ಇಷ್ಟು ಬೇಗ ತಿಳಿಯತಕ್ಕವಲ್ಲ. ಚಿಕ್ಕಮ್ಮನವರು ರಾತ್ರಿಯಲ್ಲಿ ಹತ್ತು ಸಲ ಎದ್ದು, ಟಾರ್ಚು ಹಿಡಿದು, ಮನೆಯ ಹಿಂದಿನ ಧರೆಯನ್ನು ನೋಡಿಬರುತ್ತಿದ್ದರು; ಮಕ್ಕಳ ಮೇಲೆ ಕಾರಣವಿಲ್ಲದೆ ಸಿಡುಕುತ್ತಿದ್ದರು; ಒಲೆಯ ಮೇಲಿನ ಹಾಲನ್ನು ಮರೆಯುತ್ತಿದ್ದರು; ದಾರಿ ಕುಸಿದೀತೆಂದು ಕಳಸದ ಮದುವೆಗಳಿಗೆ ಹೋಗುವುದನ್ನೇ ಬಿಟ್ಟರು. ಈ ಕಡೆಯದನ್ನು ಮನೆಯವರು ಸೋಮಾರಿತನವೆಂದರು! ನಮ್ಮ ಎಣಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕುರುಹು ಅದೇ.

ಕಾಫಿ ಬೆಳೆದು ಬಾಳುವ ನಾವು ಹೇಳುವುದು ವಿಚಿತ್ರವೆನಿಸಿದರೂ, ಪರೀಕ್ಷೆಯ ಕಾಲದಲ್ಲಿ ಲೋಟದ ಮೇಲೆ ಲೋಟ ಕಾಫಿ ಕುಡಿಯುವ ಸೋದರಿಯರೇ, ಅದರಲ್ಲಿರುವ ಕೆಫೀನ್ ಕೂಡ ಎದೆಬಡಿತವನ್ನೂ ಕೈನಡುಕವನ್ನೂ ಉಂಟುಮಾಡುವುದು. ಸುಮಾರು ಐದು ಗಂಟೆ ಕಳೆದರೂ ಅದರ ಅರ್ಧಭಾಗ ಮೈಯಲ್ಲಿಯೇ ಉಳಿದಿರುವುದು.

ಕಡೆಗೆ ವೈದ್ಯರು ಮೊದಲು ರಕ್ತವನ್ನು ಪರೀಕ್ಷಿಸಿದರು. ರಕ್ತಹೀನತೆಯಿಂದಲೂ ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಎದೆ ಹಾಗೆಯೇ ಬಡಿದುಕೊಳ್ಳಬಹುದಷ್ಟೆ. (ಎದೆನೋವು ತೋಳಿಗೆ ಹರಿದರೆ ಮಾತ್ರ ಕಳವಳವೆಂದು ಸುಮ್ಮನಿರದೆ ಒಡನೆಯೇ ಆಸ್ಪತ್ರೆಗೆ ಓಡತಕ್ಕದ್ದು.) ಬಳಿಕ, ಇದು ಎಷ್ಟು ತಿಂಗಳಿಂದ ಇದೆ, ಯಾವ ಯಾವ ಕೆಲಸಗಳು ನಿಂತಿವೆ ಎಂದು ಕೇಳಿ, ಮನೋವೈದ್ಯರ ಬಳಿಗೆ ಕಳುಹಿಸಿದರು. ಅಷ್ಟು ದೂರ ಹೋಗಲಾರದವರು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾದುದಿಲ್ಲ.

ಚಿಕ್ಕಮ್ಮನವರು ಈಗ ಕಳಸದ ಮದುವೆಗಳಿಗೆ ಹೋಗಿಬರುತ್ತಿರುವರು. ಮಳೆಯ ರಾತ್ರಿಗಳಲ್ಲಿ ಧರೆಯನ್ನು ನೋಡಲು ಈಗಲೂ ಏಳುವರು. ಆದರೆ ಒಂದೇ ಸಲ.